ನಗುವಿನ ಒಳಗೊಂದು ಯೋಚನೆ

ಹತ್ತಿ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟ ವರ್ಷ. ಯಾದಗಿರಿಯಿಂದ ಅಬ್ಬೆತುಮಕೂರಿಗೆ ಹೋಗುವ ದಾರಿಯ ಯಾವುದೋ ಒಂದು ಕಟ್ಟೆ ಎಂದುಕೊಳ್ಳಿ. ನಾಲ್ಕಾರು ಜನರ ನಡುವೆ ಬೆಳೆ ಕಳೆದುಕೊಂಡ ಇಬ್ಬರು ಕೂತಿದ್ದಾರೆ. ‘ಏನಪಾ, ಈ ಸಲ ಬೆಂಗಳೂರಿಗಿ ಹೊಂಟಿ ಏನು?’ ಎಂದು ಹಿರಿಯರೊಬ್ಬರು ಕೇಳುತ್ತಾರೆ. ‘ನಂದೇನ್ ಕೇಳ್ತಿ ಕಾಕಾ, ನನಗಿಂತ ಮೊದಲ ನಮ್ಮ ಹೊಲಾನೇ ಗುಳೆ ಹೋಗ್ಯಾದ’ ಎನ್ನುತ್ತಾನೆ ಮೊದಲನೆಯವ. ಎಲ್ಲರೂ ನಗುತ್ತಾರೆ. ಎರಡನೆಯವ ಅದಕ್ಕೆ ದನಿಗೂಡಿಸುತ್ತಾನೆ: ‘ನಾ ಕಾಲಿಟ್ಟಲ್ಲಿ ಕಸಾನೂ ಬೆಳಿಯಲ್ಲ ಬಿಡ್ರಿ. ನನ್ನ ಮಾರಿ ನೋಡಿದ್ರ ಮೋಡಾನೂ ಹೊಳ್ಳಿ ಹೋಗ್ತಾವ.’ ನಗು ಇನ್ನೂ ಜೋರಾಗುತ್ತದೆ. ಅವನೂ ನಗುತ್ತಾನೆ.

ಕೂತವರಿಗೆ ಇಬ್ಬರೂ ಮಸ್ಕಿರಿ ಮಾಡಿದಂತೆಯೇ ಕೇಳುತ್ತದೆ. ನಷ್ಟವೂ ಒಂದೇ. ಆದರೆ ಮಾತಿನ ಒಳಗಿರುವ ಯೋಚನೆಯನ್ನಷ್ಟೇ ಬೇರ್ಪಡಿಸಿ ನೋಡಿದರೆ ಇಬ್ಬರೂ ಒಂದೇ ಕಡೆ ನಿಂತಿಲ್ಲ. ಮೊದಲನೆಯವನ ಮಾತಿನಲ್ಲಿ ಕೆಟ್ಟದ್ದು ಹೊಲ, ಕೆಟ್ಟದ್ದು ಈ ಸಲ. ಎರಡನೆಯವನ ಮಾತಿನಲ್ಲಿ ಕೆಟ್ಟವನು ತಾನೇ, ಅದೂ ಕಾಲಿಟ್ಟಲ್ಲೆಲ್ಲ, ಮಾರಿ ತೋರಿಸಿದಾಗಲೆಲ್ಲ. 1978ರಲ್ಲಿ ಲಿನ್ ಅಬ್ರಾಮ್‌ಸನ್, ಮಾರ್ಟಿನ್ ಸೆಲಿಗ್‌ಮನ್ ಮತ್ತು ಜಾನ್ ಟೀಸ್‌ಡೇಲ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಒಂದು ಸಿದ್ಧಾಂತ ಮುಂದಿಟ್ಟರು. ಕಷ್ಟ ಬಂದಾಗ ಮನುಷ್ಯ ಅದಕ್ಕೆ ಕಾರಣ ಹುಡುಕುತ್ತಾನೆ. ಆ ಕಾರಣ ತನ್ನಲ್ಲಿದೆಯೋ ಹೊರಗಿದೆಯೋ? ಇಂದಿನದೋ, ಯಾವತ್ತಿನದೋ? ಈ ಒಂದು ಕೆಲಸಕ್ಕೆ ಸೀಮಿತವೋ, ಇಡೀ ಬದುಕಿಗೆ ಹಬ್ಬಿದೆಯೋ? ಮೂರಕ್ಕೂ ‘ನನ್ನಲ್ಲೇ, ಯಾವತ್ತೂ, ಎಲ್ಲದರಲ್ಲೂ’ ಎಂದು ಉತ್ತರಿಸಿಕೊಳ್ಳುವ ರೂಢಿಯಿರುವ ಮನಸ್ಸು ಖಿನ್ನತೆಗೆ ಜಾರುವ ಸಂಭವ ಹೆಚ್ಚು ಎಂಬುದು ಅವರ ವಾದ. ಎರಡನೆಯವನ ಮಾತು ಮೂರಕ್ಕೂ ಹಾಗೆಯೇ ಉತ್ತರಿಸಿದೆ, ಸುತ್ತ ನಗು ಇದ್ದುದರಿಂದ ಯಾರ ಕಿವಿಗೂ ಬೀಳಲಿಲ್ಲ.

ಈ ಅಧ್ಯಾಯದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ನಗು ಔಷಧ ಎಂಬ ಮಾತು ಅರ್ಧ ನಿಜ. ನಗುವಿನ ಜೊತೆ ಯಾವ ಯೋಚನೆ ಸಾಗುತ್ತಿದೆ ಎಂಬುದನ್ನು ನೋಡದ ಹೊರತು ಆ ನಗು ಮನಸ್ಸನ್ನು ಎತ್ತುತ್ತಿದೆಯೋ ಒಳಗೇ ತುಳಿಯುತ್ತಿದೆಯೋ ತಿಳಿಯುವುದಿಲ್ಲ.

ಯೋಚನೆಯ ಧಾಟಿಗೂ ಖಿನ್ನತೆಗೂ ಇರುವ ನಂಟನ್ನು ವೈದ್ಯಕೀಯದ ಮಧ್ಯಕ್ಕೆ ತಂದವರು ಫಿಲಡೆಲ್ಫಿಯಾದ ಮನೋವೈದ್ಯ ಏರನ್ ಬೆಕ್. 1921ರಲ್ಲಿ ಹುಟ್ಟಿ ನೂರು ವರ್ಷ ತುಂಬಿಸಿ 2021ರಲ್ಲಿ ತೀರಿಕೊಂಡ ಬೆಕ್ ಮೊದಲು ಫ್ರಾಯ್ಡ್ ಪಂಥದಲ್ಲಿ ಪಳಗಿದವರು. ಖಿನ್ನರಾದವರು ಒಳಗೊಳಗೇ ನೋವನ್ನು ಬಯಸುತ್ತಾರೆ ಎಂಬ ಆ ಪಂಥದ ನಂಬಿಕೆಯನ್ನು ಪುರಾವೆಯೊಂದಿಗೆ ಸಾಬೀತುಮಾಡಲು ಹೊರಟರು. ಸಿಕ್ಕಿದ್ದು ಬೇರೆಯೇ. ರೋಗಿಗಳ ಮನಸ್ಸಿನಲ್ಲಿ ಮಾತಿನ ನಡುವೆ, ತಾವಾಗಿ ಕರೆಯದೆಯೂ, ಚಿಕ್ಕ ಚಿಕ್ಕ ತೀರ್ಪುಗಳು ಹಾದುಹೋಗುತ್ತಿದ್ದವು: ನಾನು ಕೆಲಸಕ್ಕೆ ಬಾರದವನು, ಜನ ನನ್ನನ್ನು ಸಹಿಸಿಕೊಂಡಿದ್ದಾರಷ್ಟೆ, ಮುಂದೆಯೂ ಹೀಗೇ. ತನ್ನ ಬಗ್ಗೆ, ಲೋಕದ ಬಗ್ಗೆ, ನಾಳೆಯ ಬಗ್ಗೆ ಏಕಕಾಲಕ್ಕೆ ಕೆಟ್ಟದ್ದನ್ನೇ ಕಾಣುವ ಈ ಮೂರು ಮುಖದ ನೋಟವನ್ನು ಬೆಕ್ ಖಿನ್ನತೆಯ ತಿರುಳು ಎಂದರು. ಆ ತೀರ್ಪುಗಳನ್ನು ಹಿಡಿದು ನಿಲ್ಲಿಸಿ, ‘ಇದಕ್ಕೆ ಸಾಕ್ಷಿ ಏನು?’ ಎಂದು ರೋಗಿಯೊಂದಿಗೆ ಕೂತು ವಿಚಾರಿಸುವ ಚಿಕಿತ್ಸೆಯನ್ನು ರೂಪಿಸಿದರು. ಇವತ್ತು ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ಜಗತ್ತಿನ ಎಲ್ಲೆಡೆ ಅದು ಬಳಕೆಯಲ್ಲಿದೆ.

ಇಲ್ಲಿಗೆ ಹಾಸ್ಯ ಹೇಗೆ ಬಂತು? ಹಾಸ್ಯ ಹುಟ್ಟುವ ಬಗೆಯೇ ಅದಕ್ಕೆ ಉತ್ತರ. ಆರ್ಥರ್ ಕೋಸ್ಲರ್ 1964ರಲ್ಲಿ ಬರೆದಂತೆ, ಒಂದೇ ಸಂಗತಿ ಎರಡು ಹೊಂದದ ಚೌಕಟ್ಟುಗಳಲ್ಲಿ ಒಟ್ಟಿಗೆ ಕೂತಾಗ ನಗು ಬರುತ್ತದೆ. ಹೊಲ ಎನ್ನುವುದು ನೆಲ. ಗುಳೆ ಹೋಗುವುದು ಮನುಷ್ಯ. ಹೊಲವೇ ಗುಳೆ ಹೋಯಿತು ಎಂದಾಗ ಕೇಳುವವನ ಮನಸ್ಸು ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಹಾರಬೇಕು. 2001ರಲ್ಲಿ ವಿನೋದ್ ಗೋಯಲ್ ಮತ್ತು ರೇಮಂಡ್ ಡೋಲನ್ ಜೋಕು ಕೇಳುವವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಜೋಕನ್ನು ಬಿಡಿಸಿಕೊಳ್ಳುವಾಗ ಭಾಷೆಯ ಅರ್ಥ ಹಿಡಿಯುವ ಪಕ್ಕದ ಭಾಗಗಳೂ, ಅದು ಸೊಗಸಾಗಿದೆ ಎಂದು ಸವಿಯುವಾಗ ಹಣೆಯ ಹಿಂದಿನ ಕೆಳಭಾಗವೂ ಚುರುಕಾದವು. ಎರಡು ವರ್ಷದ ಬಳಿಕ ಡೀನ್ ಮಾಬ್ಸ್ ಮತ್ತು ಸ್ಟ್ಯಾನ್‌ಫೋರ್ಡಿನ ಸಂಗಡಿಗರು ವ್ಯಂಗ್ಯಚಿತ್ರಗಳನ್ನು ತೋರಿಸಿದಾಗ, ಇಷ್ಟದ ವಸ್ತು ಸಿಕ್ಕಾಗ ಖುಷಿ ಹುಟ್ಟಿಸುವ ಮಿದುಳಿನ ಆಳದ ಜಾಲವೂ ಎಚ್ಚೆತ್ತಿತು. ಖಿನ್ನತೆ ಈ ಎರಡನ್ನೂ ಕಟ್ಟಿಹಾಕುತ್ತದೆ. ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಹಾರಲು ಬಿಡುವುದಿಲ್ಲ, ಹಾರಿದರೂ ಸವಿ ಹತ್ತುವುದಿಲ್ಲ. ಸೂಸನ್ ನೋಲನ್-ಹೋಕ್ಸೆಮಾ ಎಂಬ ಅಮೆರಿಕದ ಸಂಶೋಧಕಿ ಹಲವು ವರ್ಷ ಅಭ್ಯಾಸ ಮಾಡಿದ್ದು ಇಂಥ ಮನಸ್ಸಿನ ಮೆಲುಕನ್ನೇ. ದನ ಮೆಲುಕು ಹಾಕಿದರೆ ತಿಂದದ್ದು ಅರಗುತ್ತದೆ. ಮನಸ್ಸು ನೋವನ್ನು ಮೆಲುಕು ಹಾಕಿದಷ್ಟೂ ಅದು ಅರಗದೆ ಉಳಿಯುತ್ತದೆ, ಖಿನ್ನತೆ ಉದ್ದವಾಗುತ್ತದೆ ಎಂಬುದಕ್ಕೆ ಆಕೆ ಮತ್ತೆ ಮತ್ತೆ ಸಾಕ್ಷಿ ಕಂಡರು.

ಒಳ್ಳೆಯ ಹಾಸ್ಯ ಈ ಮೆಲುಕನ್ನು ನಿಲ್ಲಿಸಬಲ್ಲದು. 1993ರಲ್ಲಿ ನಿಕೋಲಸ್ ಕೈಪರ್, ರಾಡ್ ಮಾರ್ಟಿನ್ ಮತ್ತು ಜೊತೆಗಾರರು ಕೆನಡಾದ ವಿದ್ಯಾರ್ಥಿಗಳನ್ನು ಪರೀಕ್ಷೆಯ ಆಸುಪಾಸಿನಲ್ಲಿ ಗಮನಿಸಿದರು. ಕಷ್ಟದಲ್ಲೂ ನಗೆಯ ಎಳೆ ಹುಡುಕುವ ಸ್ವಭಾವದವರು ಅದೇ ಪರೀಕ್ಷೆಯನ್ನು ಅಪಾಯ ಎನ್ನುವುದಕ್ಕಿಂತ ಸವಾಲು ಎಂದು ಹೆಚ್ಚಾಗಿ ಕಂಡಿದ್ದರು. ಹಾಸ್ಯ ಮೊದಲು ಬದಲಿಸುವುದು ಯೋಚನೆಯನ್ನು, ಮನಸ್ಸು ಹಗುರಾಗುವುದು ಅದರ ಬೆನ್ನಿಗೆ ಇರಬಹುದು ಎಂಬ ಸುಳಿವು ಇದರಲ್ಲಿದೆ. 2012ರಲ್ಲಿ ಆಂಡ್ರಿಯಾ ಸ್ಯಾಮ್ಸನ್ ಮತ್ತು ಜೇಮ್ಸ್ ಗ್ರಾಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮನ ಕಲಕುವ ಚಿತ್ರಗಳನ್ನು ತೋರಿಸಿ, ಅವುಗಳ ಮೇಲೆ ಹಾಸ್ಯ ಮಾಡಿ ಎಂದು ಕೇಳಿದರು. ಒಂದು ಅಕ್ಕರೆಯ ಹಾಸ್ಯ, ಇನ್ನೊಂದು ಕೊಂಕಿನ ಹಾಸ್ಯ. ಅಕ್ಕರೆಯ ಹಾಸ್ಯ ಮಾಡಿದಾಗ ಮನಸ್ಸು ಹೆಚ್ಚು ಸುಧಾರಿಸಿತು. ನಗು ಎರಡು ಕಡೆಯೂ ಇತ್ತು, ಫಲ ಮಾತ್ರ ಸಮವಾಗಿರಲಿಲ್ಲ.

ಹಾಸ್ಯದ ಈ ಬಗೆಗಳನ್ನು ಅಳೆಯುವ ಪ್ರಶ್ನಾವಳಿಯನ್ನು ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಅದರಲ್ಲಿ 32 ಹೇಳಿಕೆಗಳು, ನಾಲ್ಕು ಬಗೆಯ ಹಾಸ್ಯ. ಜನರನ್ನು ಹತ್ತಿರ ತರುವ ಹಾಸ್ಯ. ಒಬ್ಬರೇ ಇದ್ದಾಗಲೂ ಕಷ್ಟದ ಮೇಲೆ ನಗೆಯ ಕಣ್ಣಿಡುವ, ತನ್ನನ್ನು ಎತ್ತಿಹಿಡಿಯುವ ಹಾಸ್ಯ. ಇನ್ನೊಬ್ಬರನ್ನು ಚುಚ್ಚುವ ಹಾಸ್ಯ. ತನ್ನನ್ನೇ ತುಳಿದುಕೊಂಡು ಇತರರನ್ನು ನಗಿಸುವ ಹಾಸ್ಯ. ಆಮೇಲೆ ಹಲವು ದೇಶಗಳಲ್ಲಿ ಇದನ್ನು ಬಳಸಿದ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿದ ವಿಶ್ಲೇಷಣೆಯೊಂದು 2018ರಲ್ಲಿ ಬಂತು. ಮೊದಲೆರಡು ಬಗೆಯವರಲ್ಲಿ ಮಾನಸಿಕ ಆರೋಗ್ಯ ತುಸು ಮೇಲು, ಅದರಲ್ಲೂ ತನ್ನನ್ನು ಎತ್ತಿಹಿಡಿಯುವ ಹಾಸ್ಯದವರಲ್ಲಿ. ತನ್ನನ್ನೇ ತುಳಿದುಕೊಳ್ಳುವವರಲ್ಲಿ ಖಿನ್ನತೆಯ ಲಕ್ಷಣ ಹೆಚ್ಚು. ಚುಚ್ಚುವ ಹಾಸ್ಯಕ್ಕೆ ಹೇಳಿಕೊಳ್ಳುವ ನಂಟೇ ಕಾಣಲಿಲ್ಲ. ಚುಚ್ಚಿಸಿಕೊಂಡವರ ಕಥೆ ಬೇರೆ. ಆ ಪ್ರಶ್ನಾವಳಿ ಕೇಳಿದ್ದು ಚುಚ್ಚಿದವರನ್ನು ಮಾತ್ರ. ನಮ್ಮ ಹಳ್ಳಿಗಳಲ್ಲಿ ಒಬ್ಬನಿಗೆ ಒಮ್ಮೆ ಅಂಟಿದ ಅಡ್ಡಹೆಸರು ಅವನ ಮಕ್ಕಳವರೆಗೂ ಹೋಗುತ್ತದೆ ಎಂಬುದನ್ನು ಬಲ್ಲ ನನಗೆ ಈ ಕೊರತೆ ಸಣ್ಣದೆನಿಸುವುದಿಲ್ಲ.

ಹಾಗಾದರೆ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವುದೇ ಕಾಯಿಲೆಯ ಬೇರೇ? ಅಷ್ಟು ಅವಸರ ಬೇಡ. ಜ್ಯೂರಿಕ್ ವಿಶ್ವವಿದ್ಯಾಲಯದ ವಿಲಿಬಾಲ್ಡ್ ರೂಕ್ ಮತ್ತು ಸೋಂಜಾ ಹೈಂಟ್ಸ್ 2017ರಲ್ಲಿ ಒಂದು ಜಾಣ ಪರೀಕ್ಷೆ ನಡೆಸಿದರು. ಪ್ರಶ್ನಾವಳಿಯ ಆ ಹೇಳಿಕೆಗಳಲ್ಲಿ ಎರಡು ಸಂಗತಿ ಬೆಸೆದುಕೊಂಡಿವೆ: ನಗಿಸುವುದು ಒಂದು, ತನ್ನನ್ನು ಕೀಳುಗಾಣುವುದು ಇನ್ನೊಂದು. ಅವರು ಹೇಳಿಕೆಗಳನ್ನು ತಿದ್ದಿ ಎರಡನ್ನೂ ಬಿಡಿಸಿ ನೋಡಿದಾಗ, ಮಾನಸಿಕ ಆರೋಗ್ಯದೊಂದಿಗೆ ಕೆಟ್ಟ ನಂಟು ಬಹುಪಾಲು ಕೀಳುಗಾಣುವ ಭಾಗದಲ್ಲಿ ಉಳಿಯಿತು. ಹಾಸ್ಯದ ಭಾಗದಲ್ಲಿ ಅಷ್ಟಾಗಿ ಇರಲಿಲ್ಲ. ಸ್ಪೇನಿನ ಗ್ರನಾಡದಲ್ಲಿ 2018ರಲ್ಲಿ ನಡೆದ ಅಧ್ಯಯನವೊಂದರಲ್ಲಂತೂ ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುವವರು ಹೆಚ್ಚು ನೆಮ್ಮದಿಯಿಂದ ಇದ್ದದ್ದು ಕಂಡುಬಂತು. ಕಟ್ಟೆಯ ಮೇಲೆ ತನ್ನ ಬೋಳುತಲೆಯನ್ನೋ, ಹಳೇ ಲೂನಾವನ್ನೋ ಮುಂದಿಟ್ಟು ನಾಲ್ಕು ಜನರನ್ನು ನಗಿಸುವ ಮಾವ ಕಾಯಿಲೆಯವನಲ್ಲ. ಅವನ ಮಾತಿನಲ್ಲಿ ಬೋಳುತಲೆ ಬೋಳುತಲೆಯಷ್ಟೇ. ಅದರಿಂದ ‘ನಾನು ಬದುಕಿರಲೇ ಬಾರದವನು’ ಎಂಬ ತೀರ್ಪು ಹೊರಡುವುದಿಲ್ಲ.

ಇನ್ನೊಂದು ಎಚ್ಚರವೂ ಬೇಕು. ಈ ಅಧ್ಯಯನಗಳಲ್ಲಿ ಹೆಚ್ಚಿನವು ಎರಡು ಸಂಗತಿ ಜೊತೆಯಾಗಿ ಕಾಣಿಸುತ್ತವೆ ಎನ್ನುತ್ತವೆಯೇ ಹೊರತು ಯಾವುದು ಯಾವುದನ್ನು ಹುಟ್ಟಿಸಿತು ಎಂದು ಹೇಳಲಾರವು. 2009ರಲ್ಲಿ ಡೇವಿಡ್ ಡೊಜಾಯ್ಸ್, ರಾಡ್ ಮಾರ್ಟಿನ್ ಮತ್ತು ಪೀಟರ್ ಬೀಲಿಂಗ್ ಈ ಸರಪಳಿಯನ್ನು ಜೋಡಿಸಲು ಯತ್ನಿಸಿದರು. ಬಾಲ್ಯದಲ್ಲಿ ಬೇರೂರಿದ ‘ನನ್ನನ್ನು ಯಾರೂ ಉಳಿಸಿಕೊಳ್ಳುವುದಿಲ್ಲ’, ‘ನನ್ನಲ್ಲೇ ಏನೋ ದೋಷವಿದೆ’ ಎಂಬಂಥ ನಂಬಿಕೆಗಳಿಂದ ದೊಡ್ಡವರಾದ ಮೇಲಿನ ಖಿನ್ನತೆಗೆ ಹೋಗುವ ದಾರಿಯಲ್ಲಿ ಹಾಸ್ಯದ ಬಗೆಯೂ ಒಂದು ಕೊಂಡಿಯಾಗಿರಬಹುದೆಂದು ಅವರ ಲೆಕ್ಕಗಳು ಸೂಚಿಸಿದವು. ನನ್ನನ್ನು ಬೈಯುವ ಮೊದಲು ನಾನೇ ಬೈದುಕೊಂಡುಬಿಟ್ಟರೆ ಜನ ನಕ್ಕು ಸುಮ್ಮನಾಗುತ್ತಾರೆ ಎಂದು ಮಗು ಕಲಿತಿರುತ್ತದೆ. ಆಗ ಅದು ಜೀವ ಉಳಿಸಿಕೊಳ್ಳುವ ಉಪಾಯ. ಬೆಳೆದ ಮೇಲೆ ಅದೇ ಮಾತು ದಿನಕ್ಕೆ ನಾಲ್ಕು ಸಲ ತನ್ನ ಕಿವಿಗೇ ಬಿದ್ದು, ನಂಬಿಕೆ ಗಟ್ಟಿಯಾಗುತ್ತ ಹೋಗುತ್ತದೆ.

ಕಹಿ ಬಾಲ್ಯದಿಂದ ಇನ್ನೊಂದು ದಾರಿಯೂ ಹೊರಡುತ್ತದೆ. ಅದನ್ನು ತೋರಿಸಿದವರು ಕಲ್ಯಾಣ ಕರ್ನಾಟಕದವರೇ. ರಾಯಸಂ ಭೀಮಸೇನರಾವ್, ನಾವು ಬಲ್ಲ ಹಾಸ್ಯಲೇಖಕ ಬೀಚಿ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿ ಎಳವೆಯಲ್ಲೇ ಹೆತ್ತವರನ್ನು ಕಳೆದುಕೊಂಡರು, ಬಡತನದಲ್ಲಿ ಬೆಳೆದರು, ಪೊಲೀಸ್ ಇಲಾಖೆಯ ಕಚೇರಿಯಲ್ಲಿ ನೌಕರಿ ಮಾಡಿದರು. ಅ.ನ.ಕೃ. ಅವರ ‘ಸಂಧ್ಯಾರಾಗ’ ಕಾದಂಬರಿ ಓದಿ ಕನ್ನಡಕ್ಕೆ ಒಲಿದವರು 1980ರಲ್ಲಿ ತೀರಿಕೊಳ್ಳುವವರೆಗೂ ಬರೆದರು. ಅವರ ಮನಸ್ಸಿಗೆ ರೋಗದ ಹೆಸರು ಅಂಟಿಸುವ ಹಕ್ಕು ನನಗಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಅವರು ಕಟ್ಟಿದ ತಿಮ್ಮ ಎಂಬ ಪಾತ್ರ. ಪೆದ್ದುತನ, ಅಂಜಿಕೆ, ಆಸೆಬುರುಕತನ, ಸೋಲು ಇವನ್ನೆಲ್ಲ ಹೊತ್ತು ತಿರುಗಲು ಬೀಚಿ ತಮ್ಮಿಂದ ಹೊರಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿಕೊಂಡರು. ಅವನ ಮೇಲೆ ಅವರಿಗೆ ಅಕ್ಕರೆಯಿತ್ತು. ಓದುಗ ತಿಮ್ಮನಿಗೆ ನಗುತ್ತಾನೆ, ನಗುತ್ತ ತನ್ನನ್ನೇ ಕಾಣುತ್ತಾನೆ, ಆದರೆ ಮುಖ ಮುಚ್ಚಿಕೊಳ್ಳುವುದಿಲ್ಲ.

ಈ ಅಂತರ ಸಾಹಿತ್ಯದ ಚಮತ್ಕಾರ ಮಾತ್ರವಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಆತಂಕದ ಹೊತ್ತಿನಲ್ಲಿ ತಮ್ಮೊಳಗೆ ‘ನಾನು’ ಎನ್ನದೆ ತಮ್ಮದೇ ಹೆಸರು ಹಿಡಿದು ಮಾತಾಡಿಕೊಂಡವರು ಕಡಿಮೆ ಕಳವಳಪಟ್ಟರು, ಆಮೇಲೆ ಅದನ್ನೇ ಮೆಲುಕು ಹಾಕುವುದೂ ಕಡಿಮೆಯಾಯಿತು. ಸ್ನೇಹಿತನ ಕಷ್ಟಕ್ಕೆ ನಾವು ಕೊಡುವಷ್ಟು ನ್ಯಾಯವನ್ನು ನಮ್ಮ ಕಷ್ಟಕ್ಕೂ ಕೊಡಲು ಆ ಸಣ್ಣ ಅಂತರ ಅವಕಾಶ ಮಾಡಿಕೊಡುತ್ತದೆ. ಹಾಸ್ಯ ಭಾಷಣಕಾರ ಗಂಗಾವತಿ ಪ್ರಾಣೇಶ್ ಅವರ ಮಾತು ಕೇಳಲು ಈ ಸೀಮೆಯಲ್ಲಿ ಜನ ಕಿಕ್ಕಿರಿಯುವುದಕ್ಕೂ ಇದರ ನಂಟಿದೆ ಎಂದು ನನಗನಿಸುತ್ತದೆ. ತಮ್ಮದೇ ಮನೆಯ ಜಗಳ, ತಮ್ಮದೇ ಸಾಲಿ, ತಮ್ಮದೇ ಬಸ್ ಪ್ರಯಾಣ ವೇದಿಕೆಯ ಮೇಲೆ ಬೇರೆಯವರ ಕಥೆಯಾಗಿ ಬರುತ್ತದೆ. ಹಳೆಯ ದೊಡ್ಡಾಟದ ಸಾರಥಿಯ ಕೆಲಸವೂ ಇದೇ ಆಗಿತ್ತು. ರಾಜ ತನ್ನ ಪ್ರತಾಪ ಹೇಳಿಕೊಳ್ಳುತ್ತಿರುವಾಗ ಸಾರಥಿ ತಡೆದು ಮಸ್ಕಿರಿಯ ಪ್ರಶ್ನೆ ಹಾಕುತ್ತಾನೆ, ಇಡೀ ರಾತ್ರಿ ಕೂತ ಜನ ಒಟ್ಟಾಗಿ ನಗುತ್ತಾರೆ.

ಒಟ್ಟಾಗಿ ಎಂಬುದಕ್ಕೆ ಒತ್ತು ಕೊಡಬೇಕು. ನಗುವನ್ನು ಅಂಗಡಿ, ರಸ್ತೆ, ಕಾಲೇಜುಗಳಲ್ಲಿ ಕದ್ದು ಕೇಳಿ ಅಭ್ಯಾಸ ಮಾಡಿದ ರಾಬರ್ಟ್ ಪ್ರೊವೈನ್, ಒಬ್ಬರೇ ಇದ್ದಾಗಿನದಕ್ಕಿಂತ ಜನರ ನಡುವೆ ಇದ್ದಾಗ ಮನುಷ್ಯ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ ಎಂದು ಕಂಡುಕೊಂಡರು. ಆ ನಗುವಿನ ಬಹುಪಾಲು ಜೋಕಿನ ಬೆನ್ನಿಗೆ ಬಂದದ್ದೇ ಅಲ್ಲ. ‘ಆಯ್ತು, ಬರ್ತೀನಿ’ ಎಂಬಂಥ ಸಾದಾ ಮಾತಿನ ಬೆನ್ನಿಗೆ. ಗುಳೆ ಹೋದವನು ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಕಳೆದುಕೊಳ್ಳುವುದು ಈ ಸಾದಾ ನಗುವನ್ನು. ಊರಿಗೆ ಬಂದಾಗ ಅವನು ಅಬ್ಬೆತುಮಕೂರಿನ ಮಠದಲ್ಲಿ ವಿಶ್ವಾರಾಧ್ಯರ ಗದ್ದುಗೆಗೆ ಹಣೆ ಹಚ್ಚಿ, ಮಠದ ದಾಸೋಹದ ಪಂಕ್ತಿಯಲ್ಲಿ ನಾಲ್ಕು ಜನರೊಂದಿಗೆ ಕೂತು ಉಂಡು, ಹಳೇ ಗೆಳೆಯರ ಬಾಯಿಗೆ ಸಿಕ್ಕಿ ನಗುವುದು ವಿಜ್ಞಾನದ ಕಣ್ಣಿಗೂ ಕ್ಷುಲ್ಲಕವಲ್ಲ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ, ತೀವ್ರ ಮಾನಸಿಕ ಕಾಯಿಲೆಯ 31 ಮಂದಿಯನ್ನು ಗಮನಿಸಿ 2002ರಲ್ಲಿ ವರದಿ ಮಾಡಿದ್ದರು. ಅವರ ಲಕ್ಷಣಗಳು ಸರಾಸರಿ ಶೇ. 20ರ ಹತ್ತಿರ ತಗ್ಗಿದ್ದವು, ಅಲ್ಲಿ ವಿಶೇಷ ಪೂಜೆ-ಮಂತ್ರದ ಚಿಕಿತ್ಸೆ ಏನೂ ಇರಲಿಲ್ಲ. ಇದ್ದದ್ದು ಆಸರೆ, ದಿನಚರಿ, ಗುಡಿಯ ಸಣ್ಣಪುಟ್ಟ ಕೆಲಸ. ಮಠಕ್ಕೆ ಹೋಗುವುದನ್ನು ಹೀಗಳೆಯುವ ವೈದ್ಯ ಈ ಸೀಮೆಯ ಜನರನ್ನು ಕಳೆದುಕೊಳ್ಳುತ್ತಾನೆ. ಮಠಕ್ಕಷ್ಟೇ ಹೋಗಿ ಆಸ್ಪತ್ರೆಗೆ ಹೋಗದ ಮನೆಯವರು ತಮ್ಮವರನ್ನು ಕಳೆದುಕೊಳ್ಳಬಹುದು. ಎರಡೂ ನನಗೆ ಸಹಿಸಲಾಗದ ಸಂಗತಿ.

ಏಕೆಂದರೆ ನಕ್ಕು ನಗಿಸಿ ಗುಣಪಡಿಸಬಹುದಾದದ್ದಕ್ಕೆ ಒಂದು ಗಡಿಯಿದೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಬದುಕಿನ ಯಾವುದಾದರೂ ಘಟ್ಟದಲ್ಲಿ ಖಿನ್ನತೆ ಅನುಭವಿಸಿದ್ದರು. ಖಿನ್ನತೆಯಲ್ಲಿದ್ದವರ ಪೈಕಿ ನೂರಕ್ಕೆ 85ರಷ್ಟು ಮಂದಿಗೆ ಚಿಕಿತ್ಸೆ ಮುಟ್ಟಿರಲಿಲ್ಲ. ನಮ್ಮ ಕಡೆ ಖಿನ್ನತೆ ಆ ಹೆಸರಿನಿಂದ ಬಾಗಿಲು ತಟ್ಟುವುದಿಲ್ಲ. ತಲೆಶೂಲಿ, ಕೈಕಾಲು ಹರಿತ, ನಿದ್ದಿ ಇಲ್ಲ, ಉಂಡದ್ದು ಮೈಗೆ ಹತ್ತವಲ್ದು, ಯಾಕೋ ಬ್ಯಾಸರ ಎಂದು ಬರುತ್ತದೆ. ಕೆಲವೊಮ್ಮೆ ಮಸ್ಕಿರಿಯಾಗಿ ಬರುತ್ತದೆ. ‘ನಾ ಹೋದ ಮ್ಯಾಲ ನಿಮಗೆಲ್ಲ ಆರಾಮ ಆಗ್ತದ’ ಎಂದು ನಗುತ್ತ ಹೇಳಿದ ಮಾತನ್ನು ಮನೆಮಂದಿ ನಗುತ್ತಲೇ ತಳ್ಳಿಹಾಕುವುದು ಸಹಜ. ಆ ಮಾತು ಮತ್ತೆ ಮತ್ತೆ ಬಂದರೆ, ಹೇಳಿದವರು ಊಟ-ನಿದ್ದೆ ಬಿಟ್ಟಿದ್ದರೆ, ಕಟ್ಟೆಗೆ ಬರುವುದು ಕಡಿಮೆ ಮಾಡಿದ್ದರೆ, ನಗು ನಿಂತ ಮೇಲೂ ಆ ಯೋಚನೆ ಅವರ ಮುಖದಲ್ಲಿ ಉಳಿದಿದ್ದರೆ, ಪಕ್ಕಕ್ಕೆ ಕರೆದು ನೇರವಾಗಿ ಕೇಳಬೇಕು: ‘ಮನಸಿನ್ಯಾಗ ಖರೇನ ಹಂಗ ಅನಸ್ತದೇನು? ಸಾಯೋ ವಿಚಾರ ಬಂದದೇನು?’ ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಎಂಬ ಅಂಜಿಕೆಗೆ ಸಂಶೋಧನೆಯಲ್ಲಿ ಆಧಾರವಿಲ್ಲ. ಬಹಳ ಮಂದಿಗೆ ಯಾರಾದರೂ ಕೇಳಿದ್ದೇ ಒಂದು ಬಿಡುಗಡೆ.

ನಗುವಿನ ಪ್ರಶ್ನೆಯನ್ನು ವೈದ್ಯರು ತಾವೇ ಕೇಳುವ ಒಂದು ಸಂದರ್ಭವೂ ಇದೆ. ಬಾಣಂತಿಯರ ಖಿನ್ನತೆಯನ್ನು ಗುರುತಿಸಲು ಜಾನ್ ಕಾಕ್ಸ್ ಮತ್ತು ಇಬ್ಬರು ಸಹೋದ್ಯೋಗಿಗಳು 1987ರಲ್ಲಿ ಎಡಿನ್‌ಬರೊದ ಹೆಸರಿನಲ್ಲಿ ರೂಪಿಸಿದ ಪ್ರಶ್ನಾವಳಿ ಇಂದು ಜಗತ್ತಿನ ತುಂಬ ಬಳಕೆಯಲ್ಲಿದೆ. ಅದಕ್ಕೆ ಕನ್ನಡ ರೂಪವೂ ಇದೆ. ಹತ್ತೇ ಪ್ರಶ್ನೆ. ಮೊದಲನೆಯದೇ ಕಳೆದ ಏಳು ದಿನಗಳಲ್ಲಿ ನಗಲು, ನಗೆಯ ಮುಖವನ್ನು ಕಾಣಲು ನಿಮಗೆ ಆಯಿತೇ ಎಂಬುದರ ಬಗ್ಗೆ. ಕೊನೆಯದು ತನ್ನನ್ನು ತಾನೇ ನೋಯಿಸಿಕೊಳ್ಳುವ ವಿಚಾರದ ಬಗ್ಗೆ. ಇದನ್ನು ರೂಪಿಸಿದವರಿಗೆ ಗೊತ್ತಿತ್ತು: ಕೂಸು ಹುಟ್ಟಿದ ಮನೆಯಲ್ಲಿ ತಾಯಿ ಸುಸ್ತಾಗುವುದು, ನಿದ್ದೆಗೆಡುವುದು ಎಲ್ಲರಲ್ಲೂ ಇರುತ್ತದೆ, ಅದರಿಂದ ಖಿನ್ನತೆಯನ್ನು ಬೇರ್ಪಡಿಸಲಾಗದು. ಮುಂಚೆ ನಗಿಸುತ್ತಿದ್ದ ಸಂಗತಿ ಈಗ ಮುಟ್ಟುತ್ತಿಲ್ಲ ಎಂಬುದು ಹೆಚ್ಚು ನಂಬಬಹುದಾದ ಸೂಚನೆ. ಕಟ್ಟೆಯ ಮಾತು ಬಹುಮಟ್ಟಿಗೆ ಗಂಡಸರದ್ದು. ಬಾಣಂತನದ ಕತ್ತಲ ಕೋಣೆಯಲ್ಲಿ ನಗು ಬತ್ತಿದ್ದನ್ನು ಯಾರೂ ಗಮನಿಸುವುದಿಲ್ಲ. ‘ದಿಟ್ಟಿ ಆಗ್ಯಾದ’ ಎಂದು ನಿವಾಳಿಸಿ ಬಿಟ್ಟುಬಿಡುವ ಅತ್ತೆ, ಚುಚ್ಚುಮದ್ದಿನ ಕಾರ್ಡು ನೋಡಿ ಹೊರಡುವ ಆಶಾ ಕಾರ್ಯಕರ್ತೆ ಇಬ್ಬರೂ ಈ ಮೊದಲ ಪ್ರಶ್ನೆಯೊಂದನ್ನು ಕಲಿತರೂ ಎಷ್ಟೋ ತಾಯಂದಿರಿಗೆ ಸಹಾಯ ಬೇಗ ಸಿಕ್ಕೀತು.

ಸಹಾಯ ದೂರವಿಲ್ಲ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕವೇ ಇಡೀ ಜಿಲ್ಲೆಗೆ ಮಾನಸಿಕ ಚಿಕಿತ್ಸೆ ಕೊಡಬಹುದು ಎಂಬುದನ್ನು ದೇಶಕ್ಕೆ ಮಾಡಿ ತೋರಿಸಿದ್ದು ನಮ್ಮ ಕಲ್ಯಾಣ ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ, 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಕರ್ನಾಟಕದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕರೆತರುವ ವ್ಯವಸ್ಥೆ ರೂಪುಗೊಂಡಿತು. ಯಾದಗಿರಿ, ಶಹಾಪುರ, ಸುರಪುರದವರು ಮುಂದಿನ ಶಿಬಿರ ಯಾವಾಗ ಎಂಬುದನ್ನು ಅಲ್ಲಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನ ನುಂಗಿ ಫಲವಿಲ್ಲವೆಂದು ಬಿಡಬಾರದು, ತುಸು ಹಗುರಾದ ಕೂಡಲೇ ತಾವಾಗಿ ನಿಲ್ಲಿಸಲೂಬಾರದು. ಎಲ್ಲಿಗೂ ಹೋಗಲಾಗದ ಹೊತ್ತಿನಲ್ಲಿ ಟೆಲಿ ಮಾನಸ್ ಸಹಾಯವಾಣಿ ಇದೆ, 2022ರ ಅಕ್ಟೋಬರ್ 10ರಿಂದ. ಸಂಖ್ಯೆ 14416. ಕರೆಗೆ ದುಡ್ಡಿಲ್ಲ, ರಾತ್ರಿ-ಹಗಲು ತೆರೆದಿರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಮನೆಯವರ ಬಗ್ಗೆ ಚಿಂತೆಯಾಗಿ ಕೇಳುವವರೂ ಅದಕ್ಕೆ ಕರೆ ಮಾಡಬಹುದು.